ನೈರಿಯಕ್ಕನ ಭಯ

ರೈಲು ಹಳಿಗಳ ಮೇಲೆ ಸೇತುವೆ ಕಟ್ಟುವ ನಮ್ಮ ಕಸುಬಿನಲ್ಲಿ ಧೈರ್ಯವಂತರಿಗೆ ಬರವಿಲ್ಲ; ಹೆದರಬೇಕಾದಾಗ ಹೆದರಬಲ್ಲವರು ಮಾತ್ರ ವಿರಳ. ಆ ವಿರಳರ ಸಾಲಿನಲ್ಲಿ ಮೊದಲು ನಿಲ್ಲುವವರು, ಮೂವತ್ತೊಂದು ವರ್ಷ ರೈಲು ಹಳಿಯ ರಕ್ಷಣಾಧಿಕಾರಿಯಾಗಿ ದುಡಿದು ಈಗ ನಿವೃತ್ತರಾಗುತ್ತಿರುವ ಶ್ರೀಮತಿ ನೈರಿ ವಿರಿಹಾನಾ ಅವರು. ನಮಗೆಲ್ಲ ಅವರು ನೈರಿಯಕ್ಕ.

ಹಳಿಯಲ್ಲಿ ಕೆಲಸ ನಡೆಯುವಾಗ ರೈಲನ್ನೂ ವಿದ್ಯುತ್ತನ್ನೂ ತಡೆದು, ಮುಗಿದ ಮೇಲೆ ಹಳಿಯನ್ನು ಮರಳಿ ಒಪ್ಪಿಸುವುದು ಅವರ ಹೊಣೆ. ಟೋಂಗಾ ದ್ವೀಪಗಳಿಂದ ಆಕ್ಲೆಂಡಿಗೆ ಬಂದ ಹೊಸದರಲ್ಲಿ ನಾನು ಹರಿದ ಬೂಟಿನಲ್ಲಿ ಕೆಲಸಕ್ಕೆ ಹೋದಾಗ, ಒಳಗೆ ಬಿಡದೆ ಗೇಟಿನಲ್ಲೇ ಕೂರಿಸಿ, ತಮ್ಮ ಯಜಮಾನರ ಬೂಟನ್ನು ಮನೆಯಿಂದ ತರಿಸಿ ಕೊಟ್ಟರು. ಬೂಟು ಎರಡು ಅಳತೆ ದೊಡ್ಡದಿತ್ತು. ಜೊತೆಗೆ ಸಿಕ್ಕ ಬೈಗುಳವೂ ಹಾಗೇ ಇತ್ತು.

ಮುಂದೆ ದಕ್ಷಿಣ ಆಕ್ಲೆಂಡಿನ ವೈಮಾರು ಇಂಟರ್‌ಚೇಂಜನ್ನು, ಅಂದರೆ ಹೆದ್ದಾರಿಗೆ ರಸ್ತೆಗಳು ಕೂಡುವ ಸೇತುವೆಗಳ ಜಾಲವನ್ನು, ಹೊಸದಾಗಿ ಕಟ್ಟುವಾಗ ನಾವು ಮತ್ತೆ ಜೊತೆಯಾದೆವು. ಹೆದ್ದಾರಿಯ ವಾಹನಗಳನ್ನು ಒಂದು ದಿನವೂ ನಿಲ್ಲಿಸುವಂತಿರಲಿಲ್ಲ. ಹಳಿಯ ಮೇಲಿನ ಎರಡು ಸೇತುವೆಗಳಿಗೆ ಗರ್ಡರ್ ಎಂಬ ಭಾರಿ ತೊಲೆಗಳನ್ನು ಕೂರಿಸಲು ಸಿಗುತ್ತಿದ್ದುದು ಕ್ರಿಸ್‌ಮಸ್ ರಜೆಯಲ್ಲಿ ರೈಲು ನಿಲ್ಲುವ ಕೆಲವೇ ದಿನಗಳು. ಒಳಗೆ ಹೋಗುವವರು ತಮ್ಮ ಹೆಸರಿನ ಬಿಲ್ಲೆಯನ್ನು ಗೇಟಿನ ಹಲಗೆಗೆ ತಗುಲಿಸಬೇಕು, ಹೊರಬಂದಾಗ ತಾವೇ ತೆಗೆಯಬೇಕು. ಹಲಗೆ ಬರಿದಾಗುವ ತನಕ ಹಳಿಯ ಮೇಲೆ ಹಾದುಹೋಗುವ, ರೈಲು ಓಡಿಸುವ ತಂತಿಗೆ ವಿದ್ಯುತ್ ಬಿಡುವಂತಿಲ್ಲ.

ಎರಡನೆಯ ವರ್ಷದ ರಜೆಯ ಕೊನೆಯ ದಿನ, ಸಂಜೆ ನಾಲ್ಕಕ್ಕೆ ಹಳಿ ಒಪ್ಪಿಸಬೇಕಿತ್ತು. ಹಲಗೆಯಲ್ಲಿ ಒಂದೇ ಬಿಲ್ಲೆ ಉಳಿದಿತ್ತು, ನನ್ನ ಹೆಂಡತಿಯ ತಮ್ಮ ಪೌಲಿಯಾಸಿಯದು. ಚರ್ಚಿನ ಹಾಡಿನ ತಾಲೀಮಿಗೆ ಬೇಗ ಹೊರಡುವೆನೆಂದು ಅವನು ಬೆಳಿಗ್ಗೆಯೇ ಹೇಳಿದ್ದ. ಮರೆತು ಹೋಗಿದ್ದಾನೆ ಪಾಪ, ಬೈಸಿಕೊಳ್ಳುವುದು ಬೇಡವೆಂದು ನಾನು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ನಮ್ಮ ಟೋಂಗಾದವರಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚದಿದ್ದರೆ ಅದೇ ದೊಡ್ಡ ತಪ್ಪು.

ಬರಿದಾದ ಹಲಗೆ ನೋಡಿ, ಹಳಿ ಒಪ್ಪಿಸಲೆಂದು ಫೋನು ಎತ್ತಿದ ನೈರಿಯಕ್ಕ ಅದನ್ನು ಹಾಗೇ ಇಳಿಸಿದರು.

"ಪೌಲಿಯಾಸಿ ಹೋಗಿದ್ದು ನೀನು ನೋಡಿದ್ಯೇನೋ, ಮೋಸೆಸೆ?"

"ಹೂಂ ಅಕ್ಕ, ಕಣ್ಣಾರೆ ನೋಡ್ದೆ."

"ನಾನು ನೋಡ್ಲಿಲ್ವಲ್ಲೋ. ಯಾಕೋ ಭಯ ಆಗ್ತಿದೆ ನಂಗೆ."

ಸುಳ್ಳು ಬಾಯಿಂದ ಜಾರಿಹೋಗಿತ್ತು, ನುಂಗಿಕೊಳ್ಳಲು ನನಗೆ ನಾಚಿಕೆ. ನಾಲ್ಕು ಹೊಡೆಯಿತು. ಫೋನಿನಲ್ಲಿ ಮೇಲಿನವರು ಗದರಿದರು, ಕೆಲಸ ಹೋದೀತೆಂದೂ ಹೇಳಿದರು. ಆದರೂ ಹಳಿ ಒಪ್ಪಿಸುವ ಕಾಗದಕ್ಕೆ ಅಕ್ಕ ಸಹಿ ಹಾಕಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡು ಹಳಿಗುಂಟ ನಡೆದರು.

ಎರಡನೆಯ ಸೇತುವೆಯ ಅಡಿಯಲ್ಲಿ, ತೂಗುಹಾಕಿದ ಅಟ್ಟಣೆಯ ಮೇಲೆ ಪೌಲಿಯಾಸಿ ಇದ್ದ. ಸದ್ದು ತಡೆಯುವ ಕಿವಿಮುಚ್ಚಳ ಹಾಕಿಕೊಂಡು, ಚರ್ಚಿನ ಹಾಡನ್ನು ಗಟ್ಟಿಯಾಗಿ ಹಾಡುತ್ತ ಬೋಲ್ಟು ಬಿಗಿಯುತ್ತಿದ್ದ. ತಂತಿ ಅವನ ಮೊಣಕೈಗೆ ಒಂದು ಗೇಣು ದೂರದಲ್ಲಿತ್ತು. ನಾನು ಹೆದರಿ, ಜೇಬಿನಲ್ಲಿದ್ದ ಅವನ ಬಿಲ್ಲೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಅಕ್ಕ ಕೂಗಲಿಲ್ಲ, ಅವನು ಬೆಚ್ಚದಂತೆ ಎದುರಿಗೆ ಹೋಗಿ ನಿಂತು ಕೈ ಎತ್ತಿದರು.

"ಇನ್ನೆರಡೇ ಬೋಲ್ಟು ಅಕ್ಕ," ಎಂದ ಅವನು.

"ಮುಂದಿನ್ ವರ್ಷ ಬಿಗಿಯುವಂತೆ. ಇಳಿಯೋ ಕೆಳಗೆ."

ಗೇಟಿನಲ್ಲಿ ಅವನು ತನ್ನ ಬಿಲ್ಲೆ ಹುಡುಕಿದ. ನಾನು ಜೇಬಿನಿಂದ ತೆಗೆದು ಕೊಟ್ಟೆ. ಅಕ್ಕ ನೋಡುತ್ತಲೇ ಇದ್ದರು.

ಅಕ್ಕ ವರದಿಯಲ್ಲಿ ನನ್ನ ಹೆಸರನ್ನು ಮುಚ್ಚುಮರೆಯಿಲ್ಲದೆ ಬರೆದರು. ಆರು ತಿಂಗಳು ನಾನು ಹಳಿಯ ಹತ್ತಿರ ಸುಳಿಯುವಂತಿರಲಿಲ್ಲ. ಏಳನೆಯ ತಿಂಗಳು ಅವರೇ ಫೋನು ಮಾಡಿ, ತಮ್ಮ ಗೇಟು ಕಾಯಲು ನಾನೇ ಬೇಕೆಂದರು; ಹೆದರಿಕೆ ಎಂದರೇನೆಂದು ಅಲ್ಲಿ ತಮ್ಮನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿರುವುದಂತೆ. ಆ ಕರೆಯನ್ನು ನಾನು ಸಾಯುವವರೆಗೂ ಮರೆಯಲಾರೆ.

ನೈರಿಯಕ್ಕನವರಿಗೆ ಆಯುರಾರೋಗ್ಯ ತುಂಬಿರಲಿ; ಕೈಗೆತ್ತಿಕೊಂಡಿರುವ ಹೊಸಬರ ತರಬೇತಿ ಬಹುಕಾಲ ನಡೆಯಲಿ, ಅವರಿಂದ ಇನ್ನೂ ನೂರು ಜನ ಹೆದರುವುದನ್ನು ಕಲಿಯಲಿ.

ಬಿಲ್ಲೆ ತೆಗೆದ ಆ ದಿನ ಮನೆಗೆ ಹೋಗಿ, ಹಳಿಯ ಕೆಲಸ ಮುಗಿಯಿತೆಂದಷ್ಟೇ ಹೆಂಡತಿಗೆ ಹೇಳಿದ್ದೆ. ಪೌಲಿಯಾಸಿಯೂ ಇಂದಿನವರೆಗೆ ಬಾಯಿ ಬಿಟ್ಟಿಲ್ಲ. ಅಕ್ಕನ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಬಿಡುಗಡೆಗೆ ಅವಳು ಬರುತ್ತಾಳೆ, ತಮ್ಮನ ಪಕ್ಕದಲ್ಲೇ ಕೂರುತ್ತಾಳೆ. ಅದಕ್ಕೆ ಮೊದಲು ಈ ಲೇಖನವನ್ನು ನಾನೇ ಅವಳಿಗೆ ಓದಿ ಹೇಳಬೇಕು.