ವಿಭೂತಿ ಬಳಿದ ಲೆನ್ಸು

ಹಳೇ ಮ್ಯಾನ್ಯುಯಲ್ ಲೆನ್ಸ್ ಯಾವುದು ತಗೊಳ್ಳಲಿ ಅಂತ ನಿಮ್ಮೆಲ್ಲರ ತಲೆ ತಿಂತಿದ್ನಲ್ಲ, ಇವತ್ತು ತೀರ್ಮಾನ ಆಯ್ತು ಕಣ್ರಪ್ಪೋ. ಮಾಡಿದ್ದು ನಾನಲ್ಲ, ಕೋಡಿಹಳ್ಳಿ ದೊಡ್ಡಮ್ಮ.

ದೊಡ್ಡಪ್ಪ ಸ್ಟುಡಿಯೊ ಮುಚ್ಚಿದ ಮೇಲೆ ಎರಡು ಲೆನ್ಸ್ ಬೀರುವಿನಲ್ಲೇ ಉಳಿದಿದ್ದವು. "ಒಂದು ನೀನು ತಗೊಳಪ್ಪ" ಅಂದಿದ್ದರು ದೊಡ್ಡಮ್ಮ. ನನ್ನ ಡಿಜಿಟಲ್ ಕ್ಯಾಮೆರಾಗೆ ಹಳೇ ಲೆನ್ಸ್ ಕೂರಿಸೋ ಅಡಾಪ್ಟರ್ ಸಿಕ್ಕಿಸಿಕೊಂಡು ಹೋದೆ. ದೊಡ್ಡಮ್ಮನ ಸೊಸೆ ನನಗೆ ಕಾಫಿ ಮಾಡೋಕೆ ಅಡುಗೆಮನೆಗೆ ಹೋದರು. ಒಂದು ಲೆನ್ಸು ಡಬ್ಬಿಯಿಂದ ಆಚೆಗೇ ಬಂದಿರಲಿಲ್ಲ, ಫಳಫಳ ಅಂತಿತ್ತು. ದಿನಾ ದುಡಿದ ಇನ್ನೊಂದರ ಗಾಜಿನ ಮೇಲೆ ವರ್ಷಾ ವರ್ಷಾ ಆಯುಧಪೂಜೆಗೆ ಬಳಿದ ಮೂರು ಪಟ್ಟೆ ವಿಭೂತಿ!

"ಗಾಜಿಗೇ ಬಳಿಯೋದಾ ದೊಡ್ಡಮ್ಮ?"

"ಇನ್ನೆಲ್ಲಿಗೆ ಬಳೀಲಪ್ಪ? ಅದರ ಮುಖ ಅದೇ ತಾನೆ?"

ಎಷ್ಟು ಒರೆಸಿದರೂ ಗಾಜು ಒಸಿ ಮಂಜುಮಂಜಾಗೇ ಉಳೀತು.

ಎರಡರಲ್ಲೂ ದೊಡ್ಡಮ್ಮನ ಫೋಟೊ ತೆಗೆದು ತೋರಿಸಿದೆ. ಫಳಫಳ ಲೆನ್ಸಿನದರಲ್ಲಿ ಒಂದೊಂದು ಸುಕ್ಕೂ ಎದ್ದು ಕಾಣ್ತಿತ್ತು. "ಅಯ್ಯೋ ಶಿವನೇ, ಮುಖ ನಮ್ಮತ್ತೆ ಥರಾನೇ ಐತೆ!" ಅಂದರು. ವಿಭೂತಿ ಲೆನ್ಸಿನದರಲ್ಲಿ ಬೆಳಕು ಹಾಲಿನ ಹಾಗೆ ಹರಡಿ ಸುಕ್ಕೆಲ್ಲ ಮಾಯ. ದೊಡ್ಡಮ್ಮ ಸೆರಗು ಸರಿ ಮಾಡ್ಕೊಂಡು, "ಇದು ನಾನು" ಅಂದರು.

ನಾನು ಮೆಲ್ಲಗೆ ಫಳಫಳ ಲೆನ್ಸಿಗೆ ಕೈ ಹಾಕಿದೆ. ಪಟ್ ಅಂತ ಕಿತ್ತುಕೊಂಡರು.

"ವಿಭೂತೀದು ತಗೊಂಡೋಗು. ಇದು ಇಲ್ಲೇ ಇರ್ಲಿ."

"ನಿಮಗ್ಯಾಕೆ ದೊಡ್ಡಮ್ಮ ಲೆನ್ಸು?"

"ಒಂದಿನ ಬಂದು ನನ್ ಸೊಸೆ ಫೋಟೊ ತೆಗೀವಂತೆ. ಅವಾಗ ಬೇಕಾಯ್ತದೆ."

ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜೋರಾಯ್ತು. ನಾನು ಕಾಫಿಗೆ ಕಾಯದೆ ಬಂದ್ಬುಟ್ಟೆ.