ಹಲ್ಲು ನೋಡುತ್ತಿದ್ದ ನಂಜಪ್ಪ ಮೇಷ್ಟ್ರು

ನಂಜಪ್ಪ ಮೇಷ್ಟ್ರು ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದದ್ದು ಹಲ್ಲನ್ನು. ಮುಖ ಆಮೇಲೆ, ಹೆಸರು ಅದಕ್ಕೂ ಆಮೇಲೆ. ಜಾತಿ, ಊರು, ಮಾರ್ಕ್ಸು ಇವನ್ನೆಲ್ಲ ಅವರು ವಿಚಾರಿಸಿದ್ದನ್ನು ನಾನು ಕಾಣೆ. ಮೊದಲ ದಿನ ನಮ್ಮ ಹೆಡ್‌ಮಾಸ್ಟರು ನಗುತ್ತಾ ಬರಮಾಡಿಕೊಂಡರೆ ಇವರು ಬಗ್ಗಿ ಅವರ ಬಾಯನ್ನೇ ನೋಡಿ, "ಮುಂದಿನ್ ಅಲ್ಲು ಅಳ್ಳಾಡ್ತದಾ ಸಾ?" ಅಂದುಬಿಟ್ಟರು. ಹೆಡ್‌ಮಾಸ್ಟರು ಆ ವರ್ಷವೆಲ್ಲ ಅವರೆದುರು ಬಾಯಿ ಬಿಟ್ಟು ನಗಲಿಲ್ಲ.

ಹೊಳೆನರಸೀಪುರದ ನಮ್ಮ ಹೈಸ್ಕೂಲಿಗೆ ಅವರು ಬಂದದ್ದು ಶಾಲೆಯ ಸೆಕ್ರೆಟರಿಯವರ ಹಟದಿಂದ. ಸೆಕ್ರೆಟರಿಯವರು ಬೆಂಗಳೂರಿನಲ್ಲಿ ನೆಂಟರ ಮಗುವಿನ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದರಂತೆ. ಅಲ್ಲಿ ಮಕ್ಕಳು ಕೋಟು ಹಾಕಿಕೊಂಡು ಸ್ಯಾಕ್ಸೊಫೋನ್ ಊದಿದ್ದನ್ನು ಕಂಡು, ನಮ್ಮಲ್ಲೂ ಜಾಝ್ ಬ್ಯಾಂಡ್ ಆಗಲೇಬೇಕು ಎಂದು ಕೂತರು. ಜಾಝ್ ಅಂದರೆ ಏನೆಂದು ಸ್ಟಾಫ್ ರೂಮಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಚನ್ನರಾಯಪಟ್ಟಣದಲ್ಲಿ ಮದುವೆಗಳಿಗೆ ಬ್ಯಾಂಡ್ ನುಡಿಸುತ್ತಿದ್ದ ನಂಜಪ್ಪನವರನ್ನು ಹುಡುಕಿ ಕರೆತಂದರು. "ಜಾಜೋ ಗೀಜೋ ನಂಗೊತ್ತಿಲ್ಲ ಸಾ. ಊದಾದು ಗೊತ್ತು. ನಾನ್ ಊದ್ಸಿ ಕೊಡ್ತೀನಿ, ಯೆಸ್ರು ನೀವೇ ಏನಾರ ಇಟ್ಕಳಿ" ಅಂದರು ಇವರು. ನೋಟಿಸ್ ಬೋರ್ಡಿನಲ್ಲಿ ಮಾತ್ರ ದೊಡ್ಡ ಅಕ್ಷರದಲ್ಲಿ 'ಜಾಝ್ ಬ್ಯಾಂಡ್ ಆಯ್ಕೆ' ಎಂದೇ ಬಿತ್ತು.

ನಾನಾಗ ಒಂಬತ್ತನೇ ಕ್ಲಾಸು. ಆಯ್ಕೆಯ ದಿನ ಹೊಂಗೆ ಮರದ ಕೆಳಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಅಲ್ಲು ಬುಡ್ರಿ ನೋಡನ" ಅಂದರು. ಸಂತೆಯಲ್ಲಿ ಹೋರಿಯ ಬಾಯಿ ಬಿಡಿಸಿ ನೋಡುತ್ತಾರಲ್ಲ, ಥೇಟ್ ಹಾಗೆ. ಹೆಬ್ಬೆರಳಿನಿಂದ ಮುಂದಿನ ಹಲ್ಲು ಒತ್ತುವುದು, ತುಟಿ ಎಳೆದು ಬಿಡುವುದು. ಹಾಡು ಬರುತ್ತಾ, ತಾಳ ಗೊತ್ತಾ ಎಂದು ಒಬ್ಬರನ್ನೂ ಕೇಳಲಿಲ್ಲ. ಸಂಗೀತದ ಪಾಠಕ್ಕೆ ಹೋಗುತ್ತಿದ್ದ ಹುಡುಗಿಯೊಬ್ಬಳು ತಾನಾಗಿಯೇ ಸರಳೆ ವರಸೆ ಶುರು ಮಾಡಿದರೆ, "ಅಮ್ಮಿ, ಆಡ್ಬ್ಯಾಡ, ಅಲ್ಲ್ ಕಾಣಕಿಲ್ಲ" ಅಂದರು. ಪಾಪ, ಅವಳು ಅತ್ತೇಬಿಟ್ಟಳು.

ಊದುವ ವಾದ್ಯವನ್ನು ಕಚ್ಚಿ ಹಿಡಿಯಲು ಹಲ್ಲು ಗಟ್ಟಿ ಇರಬೇಕಂತೆ. ಹಾಗೆ ಇದ್ದವರಿಗೆ ಎರಡನೇ ಪರೀಕ್ಷೆ. ಒಂದು ಹಾಳೆಯ ಚೂರನ್ನು ಗೋಡೆಗೆ ಆನಿಸಿ, ಕೈ ಹಿಂದೆ ಕಟ್ಟಿಕೊಂಡು, ಬರೀ ಉಸಿರಿನಿಂದ ಅದು ಬೀಳದ ಹಾಗೆ ಊದುತ್ತಾ ನಿಲ್ಲಬೇಕು. ಹುಡುಗರೆಲ್ಲ ಬುಸ್ಸೆಂದು ಒಂದೇ ಸಲಕ್ಕೆ ಬಿಟ್ಟು ಮುಗಿಸಿದರು. ನಮ್ಮ ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಇಡ್ಲಿ ಹೋಟೆಲು. ಮಳೆಗಾಲದ ಹಸಿ ಸೌದೆ, ಊದುಗೊಳವೆ, ಹೊಗೆ, ಬೆಳಗಾಗೆದ್ದರೆ ಅದೇ ನನ್ನ ಪಾಡು. ಒಲೆ ಊದಿ ಊದಿ ರೂಢಿಯಾಗಿದ್ದ ನನಗೆ ಹಾಳೆ ಯಾವ ಲೆಕ್ಕ? ನಾನು ಊದುತ್ತಲೇ ಇದ್ದೆ, ಹಾಳೆ ಗೋಡೆಗೆ ಅಂಟಿಕೊಂಡೇ ಇತ್ತು. ಮೇಷ್ಟ್ರು ಹತ್ತಿರ ಬಂದು ಹಾಳೆ ಕಿತ್ತುಕೊಂಡು, "ಗಾಳಿ ಐತೆ, ಗ್ಯಾನ ಇಲ್ಲ" ಅಂದರು. ಹಾಗಂದರೆ ಆಯ್ಕೆಯಾದೆನೋ ಇಲ್ಲವೋ ತಿಳಿಯದೆ ನಿಂತಿದ್ದೆ. ಮಾರನೆಯ ದಿನ ಅವರ ಸ್ವಂತ ಸ್ಯಾಕ್ಸೊಫೋನನ್ನು, ಆ ಬ್ಯಾಂಡಿಗೆ ಇದ್ದದ್ದೇ ಅದೊಂದು, ನನ್ನ ಕುತ್ತಿಗೆಗೆ ನೇತುಹಾಕಿದರು.

ಮನೆಯಲ್ಲಿ ರಾಮಾಯಣವಾಯಿತು. "ಎಸ್ಸೆಸೆಲ್ಸಿ ಎದುರಿಗಿದೆ, ಇದೇನೇ ಪೀಪಿ ಹುಚ್ಚು ನಿಂಗೆ?" ಎಂದು ಅಪ್ಪ. "ಕೆನ್ನೆ ಜೋತು ಬಿದ್ರೆ ಯಾರು ಮದುವೆ ಆಯ್ತಾರೆ?" ಎಂದು ಅಮ್ಮ. ಇಬ್ಬರೂ ಬೈದು ಬೈದು ಸುಸ್ತಾಗಿ ಸುಮ್ಮನಾದರು.

ಮೇಷ್ಟ್ರು ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆ ಕಾಲದಲ್ಲಿ ರಾತ್ರಿಯೆಲ್ಲ ಮೆರವಣಿಗೆ ಮುಗಿಸಿ, ಅದೇ ಬಟ್ಟೆಯಲ್ಲಿ, ಕೆಂಪು ಕಣ್ಣು ಬಿಟ್ಟುಕೊಂಡು ಬಂದು ಸಿಮೆಂಟು ಕಟ್ಟೆಯ ಮೇಲೆ ಕುಸಿಯುತ್ತಿದ್ದರು. "ಸಾಕಾಗೋಗದೆ ಕಣ್ರಲಾ. ನೀವು ಊದ್ರಿ, ನಾನು ಕೇಳ್ತೀನಿ" ಎಂದು ಕಣ್ಣು ಮುಚ್ಚುತ್ತಿದ್ದರು. ನಿದ್ದೆ ಬಂತು ಅಂದುಕೊಂಡು ನಾವು ಏನೋ ಒಂದು ಊದಿದರೆ, ಮುಚ್ಚಿದ ಕಣ್ಣಿನಲ್ಲೇ "ಮಂಜೀ" ಅನ್ನುತ್ತಿದ್ದರು. ಮಂಜುಳ ಎಂಬ ನನ್ನ ಹೆಸರನ್ನು ಪೂರ್ತಿ ಹೇಳುವಷ್ಟು ತ್ರಾಣ ಅವರಲ್ಲಿ ಎಂದೂ ಇದ್ದ ಹಾಗಿರಲಿಲ್ಲ. "ಮಂಜೀ, ಉಸ್ರುನ್ನ ಅಂಗ್ ಸುರೀಬ್ಯಾಡ ಕಣಮ್ಮಿ. ಎಳೇ ಮಗೀನ ನೆತ್ತಿಗೆ ನೀರ್ ಉಯ್ತಾರಲ್ಲ, ಅಂಗೆ ಬುಡು." ಈ ಮಾತು ನನ್ನ ಮಗಳಿಗೆ ಮೊದಲ ಸಲ ನೀರೆರೆಯುವಾಗ ನೆನಪಾಗಿ, ಚೊಂಬನ್ನು ನಿಧಾನಕ್ಕೆ ಬಗ್ಗಿಸಿದ್ದೆ.

ಹೊಗಳಿಕೆ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಬಹಳ ಚೆನ್ನಾಗಿದ್ದರೆ "ಊಂ, ನಡೀತದೆ" ಅನ್ನುತ್ತಿದ್ದರು, ಅಷ್ಟೇ. ಡ್ರಮ್ಮಿನ ಹುಡುಗನಿಗೆ ಆ ಮಾತು ಸಿಕ್ಕಿತು. ಟ್ರಂಪೆಟ್‌ನವನಿಗೂ ಸಿಕ್ಕಿತು. ತಾಳ ಕುಟ್ಟಲು ಬಾರದ ಹುಡುಗಿಗೂ ಒಂದು ದಿನ ಸಿಕ್ಕಿತು! ನನಗೆ ಮಾತ್ರ ಯಾವಾಗಲೂ ಗಾಳಿ ಐತೆ, ಗ್ಯಾನ ಇಲ್ಲ. ಹೊಟ್ಟೆ ಉರಿಯುತ್ತಿತ್ತು. ಒಂದೇ ಒಂದು ಸಲ ಇವರ ಬಾಯಿಂದ 'ನಡೀತದೆ' ಅನ್ನಿಸಿಕೊಳ್ಳಬೇಕು ಎಂಬುದೇ ನನಗೆ ಆ ವರ್ಷದ ವ್ರತವಾಯಿತು. ಹಾಸನದಲ್ಲಿ ಜಿಲ್ಲಾ ಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆ ಇತ್ತು. ಅಲ್ಲಿ ನಡುವೆ ಒಂದು ಭಾಗವನ್ನು ನಾನೊಬ್ಬಳೇ ಊದಬೇಕೆಂದು ಗೊತ್ತು ಮಾಡಿದ್ದರು. ಅಲ್ಲಿ ಅನ್ನಿಸಿಯೇ ತೀರುತ್ತೇನೆ ಅಂದುಕೊಂಡಿದ್ದೆ.

ಅದಕ್ಕೆ ಮೊದಲು ಸ್ವಾತಂತ್ರ್ಯ ದಿನಾಚರಣೆ ಬಂತು. ಮೇಷ್ಟ್ರು ಕಲಿಸಿದ್ದೆಲ್ಲ ಮದುವೆ ಮನೆಯ ಶಿಸ್ತು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ತೋರುಬೆರಳೆತ್ತಿ ಅಲ್ಲಾಡಿಸುತ್ತಾರೆ. ಆಗ ಸೀನು, ಅಳು, ಕೆಟ್ಟ ಮಾತು ಯಾವುದೂ ಗಂಡು ಹೆಣ್ಣಿನ ಕಿವಿಗೆ ಬೀಳದ ಹಾಗೆ ವಾದ್ಯದವರು ಗಟ್ಟಿಮೇಳ ಬಾರಿಸಬೇಕು. ಒಂದು ಕ್ಷಣ ತಡವಾದರೂ ಅಪಶಕುನ. ಅದನ್ನೇ ನಮಗೂ ಅರೆದು ಕುಡಿಸಿದ್ದರು. "ಬೆಟ್ಟು ಎತ್ತುದ್ರೆ ಬಾರ್ಸಿ. ಜೋರಾಗ್ ಅಳ್ಳಾಡ್ಸುದ್ರೆ ಇನ್ನೂ ಜೋರಾಗ್ ಬಾರ್ಸಿ. ಕೈ ಕೆಳಿಕ್ ಇಳುದ್ರೆ ನಿಲ್ಸಿ. ಯಾರು, ಯಾಕೆ ಅಂತ ಇಂದೆ ಮುಂದೆ ನೋಡಂಗಿಲ್ಲ."

ಮೈದಾನದಲ್ಲಿ ಧ್ವಜಾರೋಹಣ ಸಾಂಗವಾಗಿ ಆಯಿತು. ನಾಡಗೀತೆಯೂ ಆಯಿತು. ಅತಿಥಿಗಳ ಭಾಷಣ ಶುರುವಾಗಿ, ಮುಗಿಯುವ ಲಕ್ಷಣ ಕಾಣದೆ, ಬಿಸಿಲಿಗೆ ಮಕ್ಕಳು ಗಲಾಟೆ ಎಬ್ಬಿಸಿದರು. ನಮ್ಮ ಹೆಡ್‌ಮಾಸ್ಟರು ವೇದಿಕೆಯ ಅಂಚಿಗೆ ಬಂದು, ಮಕ್ಕಳಿಗೆ ಸುಮ್ಮನಿರಿ ಎಂದು ತೋರುಬೆರಳೆತ್ತಿ ಅಲ್ಲಾಡಿಸಿದರು.

ಸ್ವಾಮೀ, ನಾವು ಬಾರಿಸಿಬಿಟ್ಟೆವು! ಇಡೀ ಬ್ಯಾಂಡು ಒಂದೇ ಏಟಿಗೆ ಗಟ್ಟಿಮೇಳ. ಅತಿಥಿಗಳು ಬೆಚ್ಚಿ ಮೈಕು ಬಿಟ್ಟರು. ಹೆಡ್‌ಮಾಸ್ಟರಿಗೆ ಗಾಬರಿಯಾಗಿ, ಬೇಡ ಬೇಡ ಎಂದು ಬೆರಳನ್ನು ಇನ್ನೂ ಜೋರಾಗಿ ಅಲ್ಲಾಡಿಸಿದರು. ನಾವು ಇನ್ನೂ ಜೋರಾಗಿ ಬಾರಿಸಿದೆವು. ಅವರು ಎರಡೂ ಕೈ ಎತ್ತಿದರು. ನಾನಂತೂ ಎದೆಯಲ್ಲಿದ್ದ ಉಸಿರನ್ನೆಲ್ಲ ಕೊಟ್ಟೆ. ಜನರ ನಡುವೆ ಕೂತಿದ್ದ ಒಬ್ಬ ಅಜ್ಜಿ ಅಭ್ಯಾಸಬಲದಿಂದ ಎದ್ದು, ಮುಡಿದಿದ್ದ ಹೂವನ್ನೇ ಕಿತ್ತು ವೇದಿಕೆಯ ಕಡೆ ಅಕ್ಷತೆಯಂತೆ ಎಸೆದರು. ಹೆಡ್‌ಮಾಸ್ಟರು ಸೋತು ಕೈ ಕೆಳಗಿಳಿಸಿದ ಮೇಲೇ ನಾವು ನಿಲ್ಲಿಸಿದ್ದು. ಜನ ನಕ್ಕು ನಕ್ಕು ಬಿದ್ದರು.

ಮಧ್ಯಾಹ್ನ ಆಫೀಸ್ ರೂಮಿಗೆ ನಮ್ಮನ್ನೆಲ್ಲ ಕರೆಸಿದರು. ಸೆಕ್ರೆಟರಿಯವರ ಮುಖ ಬೆಂದ ಬದನೆಕಾಯಿಯಾಗಿತ್ತು. "ಯಾವೋನ್ ಶುರು ಮಾಡಿದ್ದು?" ಅಂದರು. ಮೇಷ್ಟ್ರು ನಮ್ಮ ಮುಂದೆ ಬಂದು ನಿಂತರು. "ಮಕ್ಳುದ್ದು ಏನೂ ಇಲ್ಲ ಸಾ. ನಾನು ಯೇಳ್ಕೊಟ್ಟಂಗೆ ಮಾಡವೆ. ಒಂದ್ ಬೆಟ್ಟು ಅಳ್ಳಾಡುದ್ರೆ ಅಷ್ಟು ಜನ ಒಟ್ಟಿಗೆ ಬಾರ್ಸುದ್ರಲ್ಲ ಸಾ, ಅದ್ನ ವಸಿ ನೋಡಿ ನೀವು" ಅಂದರು. ಅವರ ದನಿಯಲ್ಲಿ ಸಂತೋಷ ಇತ್ತು, ನನ್ನಾಣೆ. ಅದನ್ನು ನೋಡುವ ತಾಳ್ಮೆ ಅಲ್ಲಿ ಯಾರಿಗಿತ್ತು? ಬ್ಯಾಂಡು ಅವತ್ತಿಗೇ ಮುಗಿಯಿತು. ಹಾಸನವೂ ಇಲ್ಲ, ಸ್ಪರ್ಧೆಯೂ ಇಲ್ಲ.

ನನ್ನ ಕುತ್ತಿಗೆಯಿಂದ ಸ್ಯಾಕ್ಸೊಫೋನ್ ತೆಗೆದು, ಒರೆಸಿ, ಹಳೇ ಟವಲಿನಲ್ಲಿ ಸುತ್ತಿಕೊಂಡರು. ನಾನು ಗೇಟಿನವರೆಗೂ ಹಿಂದೆಯೇ ಹೋದೆ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. "ಸಾ, ನಂದು ನಡೀತದಾ?" ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಓಗು, ಓದ್ಕೋ ಓಗು" ಅಂದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತೆ. ಹೊಗೆಗೆ ಅಂದುಕೊಂಡರು ಎಲ್ಲರೂ.

ಆಮೇಲೆ ಏನು, ಎಲ್ಲರಿಗೂ ಆಗುವುದೇ. ಪಿಯುಸಿ, ಮದುವೆ, ಮಗು, ಅಲೆದಾಡಿ ಸಿಕ್ಕ ಬಸ್ ಕಂಡಕ್ಟರ್ ಕೆಲಸ. ಒಂದು ದಿನ ಅರಕಲಗೂಡು, ಒಂದು ದಿನ ಹಾಸನ, ಹಾಕಿದ ಕಡೆ ಡ್ಯೂಟಿ. ಹೆಂಗಸರಿಗೆ ಫ್ರೀ ಆದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಾನೂ ಹೆಂಗಸೇ, ಬೇಡ ಅನ್ನಲಾರೆ. ಮನೆಗೆ ಬಂದು ಕಾಲು ಚಾಚಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಸ್ಯಾಕ್ಸೊಫೋನ್ ಕೊಳ್ಳುವ ಆಸೆ ಕೆಲವು ವರ್ಷ ಇತ್ತು. ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ.

ಮೇಷ್ಟ್ರನ್ನು ಕೊನೆಯ ಸಲ ಕಂಡದ್ದು ಹೋದ ವರ್ಷ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕರು ಕಂಬಿ ತಡವಿಕೊಂಡು ಹತ್ತಿದರು. ದನಿ ಕೇಳಿದ ಮೇಲೇ ಗುರುತು ಸಿಕ್ಕಿದ್ದು. ಮಗಳ ಊರಿಗೆ ಹೊರಟಿದ್ದರು. ಎದುರು ಸೀಟಿನಲ್ಲಿ ಕೂರಿಸಿದೆ. ನನ್ನ ಎದೆಯ ಮೇಲೆ ಹೆಸರಿನ ಬಿಲ್ಲೆ ಇತ್ತು, ಅವರ ಕಣ್ಣಿಗೆ ಅದು ಕಾಣುವಂತಿರಲಿಲ್ಲ. ಊರು ದಾಟಿ ನೂಕುನುಗ್ಗಲು ಕಮ್ಮಿಯಾದ ಮೇಲೆ ಅವರ ಪಕ್ಕಕ್ಕೆ ಹೋಗಿ ನಿಂತೆ. "ಮೇಷ್ಟ್ರೇ, ನೀವು ನರಸೀಪುರದ ಸ್ಕೂಲಲ್ಲಿ ಬ್ಯಾಂಡ್ ಹೇಳ್ಕೊಡ್ತಿದ್ರಿ ಅಲ್ವಾ?" ಅಂದೆ.

"ಊಂ ಕಣವ್ವ. ಜಾಸ್ತಿ ದಿನ ಇರ್ನಿಲ್ಲ" ಅಂದರು. ತಾವೇ ಮುಂದುವರಿಸಿದರು. "ಅಲ್ಲೊಂದ್ ಉಡ್ಗಿ ಇತ್ತು. ಮಂಜಿ ಅಂತ. ಎಷ್ಟೋ ಜನುಕ್ಕೆ ಯೇಳ್ಕೊಟ್ಟಿವ್ನಿ ಕಣವ್ವ, ಅಂತಾ ಉಸ್ರು ನಾನ್ ಇನ್ನೊಂದ್ ಕಡೆ ಕಾಣ್ಲಿಲ್ಲ."

ನಾನು ಅವರ ಕಡೆ ಬಗ್ಗಿದೆ. "ಅವಳಿಗೆ ಹೇಳಿದ್ರಾ ಇದನ್ನ?"

"ಯೇಳ್ಲಿಲ್ಲ. ಒಗುಳುದ್ರೆ ಕೆಟ್ಟೋಗ್ತವೆ. ಆಸನ್ದಲ್ಲಿ ಊದ್ಲಿ, ಆಮ್ಯಾಕೆ ಯೇಳನ ಅಂತಿದ್ದೆ. ಅಷ್ಟ್ರಲ್ಲಿ ಅಂಗಾಗೋಯ್ತು." ಕಿಟಕಿಯ ಕಡೆ ಮುಖ ತಿರುಗಿಸಿದರು. "ಈಗ ಎಲ್ಲೋ ದೊಡ್ ಬ್ಯಾಂಡಲ್ಲಿ ಊದ್ತಾ ಇರ್ತಾಳೆ ಬುಡು. ಬುಟ್ಬುಡೋ ಪೈಕಿ ಅಲ್ಲ ಅವ್ಳು."

ನಾನೇ ಅವಳು ಅನ್ನಬೇಕು ಅಂದುಕೊಂಡೆ. ಆ ಮುಖ ನೋಡಿ ಹೇಳಲಾಗಲಿಲ್ಲ. "ಹೌದು ಮೇಷ್ಟ್ರೇ, ಊದ್ತಾ ಇರ್ತಾಳೆ" ಅಂದೆ.

ಅವರ ಸ್ಟಾಪು ಬಂತು. ತೋಳು ಹಿಡಿದು ಇಳಿಸಿದೆ. "ಒಳ್ಳೇದಾಗ್ಲಿ ಕಣವ್ವ, ಕೆಲ್ಸ ನೋಡ್ಕೋ ಓಗು" ಎಂದು ಕೈ ಎತ್ತಿದರು. ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕಾಯುತ್ತಿದ್ದ. ಸೀಟಿ ಬಾಯಿಗಿಟ್ಟೆ, ಉಸಿರು ಹೊರಡಲಿಲ್ಲ. ಬಸ್ಸಿನ ಮೈ ತಟ್ಟಿ "ರೈಟ್" ಅಂದೆ.