ಶಾಫ್ಟಿಗೆ ಕಟ್ಟಿದ ಹಾರ

ಹೊಸ ಯಂತ್ರಕ್ಕೆ ಪೂಜೆ ಮಾಡುವ ಗೆಳೆಯರೆಲ್ಲ ಇದನ್ನು ಓದಿ.

ಶಿರಾದಿಂದ ತಂದ, ಮಣ್ಣು ಪುಡಿ ಮಾಡುವ ರೋಟಾವೇಟರನ್ನು ಇವತ್ತು ಬೆಳಿಗ್ಗೆ ಹೊಲದಲ್ಲೇ ನಮ್ಮ ಮಿನಿ ಟ್ರ್ಯಾಕ್ಟರಿಗೆ ನಾನೇ ಜೋಡಿಸಿದೆ. ಎಂಜಿನ್ ಆಫ್ ಮಾಡಿ, ರೋಟಾವೇಟರನ್ನು ತಿರುಗಿಸುವ ಶಾಫ್ಟನ್ನು ಕೈಯಲ್ಲೇ ತುಸು ತುಸು ತಿರುಗಿಸಿ, ಹಲ್ಲಿಗೆ ಹಲ್ಲು ಕೂಡಿಸಿ ಟ್ರ್ಯಾಕ್ಟರಿನ ಹಿಂದಿರುವ ಪಿಟಿಒ ಗೂಟಕ್ಕೆ ತಳ್ಳಿದೆ. ಲಾಕ್ ಪಿನ್ ಟಕ್ಕೆಂದು ಕೂತಿತು. ಕೈ ತೊಳೆದು ಬರುವಷ್ಟರಲ್ಲಿ ನಮ್ಮ ಮಾವ ಪೂಜೆ ಮುಗಿಸಿ, ಅದೇ ಶಾಫ್ಟಿಗೆ ಮಾರುದ್ದದ ಚೆಂಡುಹೂವಿನ ಹಾರ ಸುತ್ತಿ ಗಂಟು ಹಾಕಿದ್ದರು!

“ಮಾವ, ಗಾಡಿ ಶುರುವಾದ್ರೆ ಇದು ಗರಗರ ತಿರುಗ್ತದೆ. ಆ ದಾರಕ್ಕೆ ನಿಮ್ ಪಂಚೆನೋ ನನ್ ಸೆರಗೋ ಸಿಕ್ಕಾಕೊಂಡ್ರೆ ಮುಗೀತು. ತೆಗೀರಿ” ಎಂದೆ.

“ಪೂಜೆ ಹೂವ ಅಂಗೆಲ್ಲ ಕೀಳಬಾರ್ದು ಕಣಮ್ಮ. ಒಂದು ಸುತ್ತು ಉತ್ಬುಡು, ಅದೇ ಉದುರೋಯ್ತದೆ” ಎಂದರು.

ನಾನು ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ಕೂತೆ. ಅವರೂ ಎದುರು ಬದುವಿನ ಮೇಲೆ ಕೂತರು. ಬಿಸಿಲೇರಿತು. ಇಬ್ಬರೂ ಅಲ್ಲಾಡಲಿಲ್ಲ. ಕೊನೆಗೆ ಅಂದೇಬಿಟ್ಟೆ: “ಆ ಹಾರ ಈಗ ಬಾನೆಟ್ಟಿಗೆ ಹಾಕಿ ಮಾವ. ಇಲ್ದಿದ್ರೆ ನಾಳೆ ನಿಮ್ ಫೋಟೋಗೆ ಹಾಕ್ಬೇಕಾಯ್ತದೆ.”

ಮಾವ ಎದ್ದರು. ಗಂಟು ಬಿಚ್ಚಿ, ಹಾರವನ್ನು ಬಾನೆಟ್ಟಿಗೆ ಹಾಕಿದರು. ಮಧ್ಯಾಹ್ನದೊಳಗೆ ಹೊಲ ಉತ್ತು ಮುಗಿಸಿದೆ.

ಸಂಜೆ ಪಕ್ಕದ ಹೊಲದ ರಂಗಪ್ಪ ಹೊಸ ರೋಟಾವೇಟರ್ ನೋಡಲು ಬಂದ. ಮಾವ ಜಗಲಿಯ ಮೇಲಿಂದಲೇ ಉಪದೇಶ ಶುರು ಮಾಡಿದರು: “ಲೇ, ನೀನು ತಂದಾಗ ಶಾಫ್ಟಿಗೆ ಹಾರ ಗೀರ ಕಟ್ಬುಟ್ಟೀಯ, ಹುಷಾರು! ಅದೇ ಹಾರ ನಿನ್ ಫೋಟೋಗೆ ಬತ್ತದೆ ಕಣ್ಲಾ!”

ಮಾತು ನನ್ನದೇ. ನನ್ನ ಜೊತೆ ಮಾತ್ರ ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದಾರೆ.